ಎತ್ತಿ ಕುಡಿಯುವವರಿಗೊಂದು ಉಡುಗೊರೆ

ನಮ್ಮ ಸೆಕ್ಟರಿನ ಮಾರ್ಕೆಟ್ಟಿನಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಆ ಗಿಫ್ಟ್ ಅಂಗಡಿ ತೆರೆದಾಗ ಇದು ಮುಂದಿನ ದೀಪಾವಳಿಯವರೆಗೆ ಬಾಳಿದರೆ ಹೆಚ್ಚು ಎಂದು ನಾನು ಮನೆಯಲ್ಲಿ ಭವಿಷ್ಯ ನುಡಿದಿದ್ದೆ. ದೆಹಲಿಯ ದ್ವಾರಕಾದಲ್ಲಿ ಇರುವವರು ನಮ್ಮಂಥವರು. ನಿವೃತ್ತ ಅಧಿಕಾರಿಗಳು, ನಿವೃತ್ತಿಗೆ ಕಾಯುತ್ತಿರುವ ಅಧಿಕಾರಿಗಳು, ಮೆಟ್ರೋ ಹಿಡಿದು ಕೆಲಸಕ್ಕೆ ಹೋಗುವ ಅವರ ಮಕ್ಕಳು. ತಿಮಿಂಗಿಲದ ಆಕಾರದ ಸೋಪಿನ ತಟ್ಟೆ, ಕುದಿಯುವ ಪಾತ್ರೆಯ ಅಂಚಿಗೆ ಸಿಕ್ಕಿಸಿದರೆ ಮುಚ್ಚಳವನ್ನು ಒಂಚೂರು ಎತ್ತಿ ಹಿಡಿಯುವ ಪುಟ್ಟ ಏಡಿ, ಮಡಚಿದರೆ ತಟ್ಟೆಯಷ್ಟು ಚಪ್ಪಟೆಯಾಗುವ ಜರಡಿ, ಇವೆಲ್ಲ ಯಾರಿಗೆ ಬೇಕು? ಉಡುಗೊರೆ ಎಂದರೆ ನಮ್ಮ ಕಡೆ ಸ್ಟೀಲ್ ಪಾತ್ರೆ. ಕೊಟ್ಟವರ ಹೆಸರನ್ನು ಅದರ ಮೇಲೆ ಕೊರೆಸಿ ಕೊಟ್ಟರೆ ಮುಗಿಯಿತು. ತೆಗೆದುಕೊಂಡವರು ದಿನಾ ಪಾತ್ರೆ ತೊಳೆಯುವಾಗ ನಮ್ಮನ್ನು ನೆನೆಯಲೇಬೇಕು.

ಅಂಗಡಿ ನಡೆಸುತ್ತಿದ್ದವಳು ನಲವತ್ತೈದರ ಆಸುಪಾಸಿನ ಹೆಂಗಸು. ಗುರುಗ್ರಾಮದ ಯಾವುದೋ ಕಂಪನಿಯ ಕೆಲಸ ಬಿಟ್ಟು ಬಂದವಳಂತೆ. ತನಗೆ ಇಷ್ಟವಾದ ಸಾಮಾನು ಮಾತ್ರ ಇಡುತ್ತಾಳೆ, ಒಂದೊಂದನ್ನೂ ತನ್ನ ಮನೆಯಲ್ಲಿ ಬಳಸಿ ನೋಡಿಯೇ ಮಾರುತ್ತಾಳೆ ಎಂದು ನನ್ನ ಮಗಳು ವರದಿ ತಂದಳು. ಮಗಳಿಗೆ ಆ ಅಂಗಡಿ ಎಂದರೆ ಪ್ರಾಣ. ಮೊದಲ ಸಲ ನನ್ನನ್ನು ಎಳೆದುಕೊಂಡು ಹೋದಾಗ ಆ ಹೆಂಗಸು ನನ್ನನ್ನು ‘ಆಂಟೀಜಿ’ ಎಂದು ಕರೆದಳು. ಅವಳ ತಲೆಯಲ್ಲಿ ನನಗಿಂತ ಹೆಚ್ಚು ನರೆ ಇತ್ತು. ನಾನು ಆ ಏಡಿಯನ್ನು ಕೈಗೆತ್ತಿಕೊಂಡು, ಮುಚ್ಚಳ ಎತ್ತಿ ಹಿಡಿಯೋಕೆ ನಮ್ಮಲ್ಲಿ ಸೌಟು ಇದೆ ಎಂದೆ. ಅವಳು ನಕ್ಕಳೇ ಹೊರತು ವಾದಕ್ಕೆ ಬರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತಂದಿತು.

ಅಂಥ ನಾನು ಒಂದು ಚಳಿಗಾಲವಿಡೀ ಅದೇ ಅಂಗಡಿಯ ಮೆಟ್ಟಿಲು ಹತ್ತಿ ಇಳಿದೆ. ಕಾರಣ ನಮ್ಮತ್ತೆ.

ಅತ್ತೆಗೆ ಎಂಬತ್ತು ದಾಟಿದೆ. ಮದುವೆಯಾದ ಹೊಸತರಲ್ಲೇ ದೆಹಲಿಗೆ ಬಂದು ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದವರು. ಮಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮಾವ ತೀರಿಕೊಂಡ ಮೇಲೂ ಅತ್ತೆ ನಮ್ಮ ಜೊತೆಗಿದ್ದಾರೆ, ಅಥವಾ ನಾವು ಅವರ ಜೊತೆಗಿದ್ದೇವೆ. ಅದು ಈವರೆಗೂ ಇತ್ಯರ್ಥವಾಗಿಲ್ಲ. ತರಕಾರಿ ಗಾಡಿಯ ಭಯ್ಯಾನ ಹತ್ತಿರ ಅವರು ಹಿಂದಿಯಲ್ಲಿ ಚೌಕಾಸಿ ಮಾಡುವುದನ್ನು ಕೇಳಿದರೆ ಇಲ್ಲೇ ಹುಟ್ಟಿದವರು ಅನ್ನಬೇಕು. ಹೊಸ್ತಿಲು ದಾಟಿ ಒಳಗೆ ಬಂದರೆ ಅಪ್ಪಟ ಕನ್ನಡ, ಮತ್ತು ಕಾಫಿ. ಆ ಕಾಫಿಯನ್ನು ಅವರು ಎತ್ತಿಯೇ ಕುಡಿಯುತ್ತಾರೆ. ತಲೆಯನ್ನು ಹಿಂದಕ್ಕೆ ಬಾಗಿಸಿ, ಲೋಟವನ್ನು ತುಟಿಗೆ ತಾಗಿಸದೆ, ಹೊಗೆಯಾಡುವ ಕಾಫಿಯನ್ನು ಮೇಲಿನಿಂದ ನೇರವಾಗಿ ಬಾಯೊಳಕ್ಕೆ ಬಿಟ್ಟುಕೊಳ್ಳುತ್ತಾರೆ. ಕಚ್ಚಿ ಕುಡಿದರೆ ಲೋಟ ಎಂಜಲಾಗುತ್ತದೆ ಎಂಬುದು ಅವರ ಲೆಕ್ಕ.

ಎಂಜಲಿನ ಆ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ. ಇಂಥ ಶಾಸ್ತ್ರಗಳನ್ನು ಇಟ್ಟುಕೊಂಡು ಯಾರು ಯಾರನ್ನೆಲ್ಲ ಹೊಸ್ತಿಲಾಚೆ ನಿಲ್ಲಿಸಿದ್ದಾರೆ ಎಂಬುದೂ ಗೊತ್ತು. ಅತ್ತೆಯ ಮುಖಕ್ಕೇ ಹೇಳಿದ್ದೇನೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಬದಲಾಗಲೂ ಇಲ್ಲ. ‘ನೀನು ಕಚ್ಚಿ ಕುಡಿ, ನಾನು ಬೇಡ ಅಂದಿದೀನಾ?’ ಎಂದರು. ಅಲ್ಲಿಗೆ ನಮ್ಮ ಮನೆಯಲ್ಲಿ ಎರಡು ಪಂಥ ಆದವು. ಎರಡೂ ಒಂದೇ ಫಿಲ್ಟರಿನ ಡಿಕಾಕ್ಷನ್ ಹಂಚಿಕೊಂಡು ಸುಖವಾಗಿದ್ದವು.

ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಸುಮ್ಮನೆ ಮಡಿಲಲ್ಲಿಟ್ಟುಕೊಂಡರೆ ಏನೂ ಇಲ್ಲ. ಏನನ್ನಾದರೂ ಎತ್ತಿ ಹಿಡಿಯಲು ಹೋದರೆ ಮಾತ್ರ ನಡುಕ. ಜೀವಕ್ಕೇನೂ ಅಪಾಯವಿಲ್ಲ, ಆದರೆ ಪೂರ್ತಿ ಹೋಗುವಂಥದ್ದೂ ಅಲ್ಲ ಎಂದು ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು. ಲೋಟದಲ್ಲಿ ಅರ್ಧ ಕಾಫಿ ಹಾಕಿ ನೋಡಿದೆವು. ಅರ್ಧ ಲೋಟವನ್ನು ಇನ್ನೂ ಹೆಚ್ಚು ವಾಲಿಸಬೇಕು, ಅದು ಒಮ್ಮೆಲೇ ಮುಖದ ಮೇಲೆ ಬಂತು. ಒಂದು ಬೆಳಿಗ್ಗೆ ನಮ್ಮವರು ತಡೆಯಲಾರದೆ, ‘ಅಮ್ಮ, ನಾನು ಹುಯ್ತೀನಿ, ಬಾಯಿ ತೆಗಿ’ ಎಂದು ಲೋಟಕ್ಕೆ ಕೈ ಹಾಕಿದರು.

ಅತ್ತೆ ಲೋಟವನ್ನು ಎದೆಗೆ ಒತ್ತಿ ಹಿಡಿದುಕೊಂಡರು. ‘ಬಾಯಿಗೆ ನೀರು ಬಿಡೋ ಕಾಲ ಬಂದಾಗ ನೀನೇ ಬಿಡೋದು. ಅದಕ್ಕೇ ನಿನ್ನ ಹೆತ್ತಿರೋದು. ಅಲ್ಲೀವರೆಗೆ ನನ್ನ ಲೋಟ ಮುಟ್ಟಬೇಡ.’

ನಮ್ಮವರು ಎದ್ದು ಬಾಲ್ಕನಿಗೆ ಹೋಗಿ ನಿಂತರು. ನನಗೂ ಅಡುಗೆಮನೆಯಲ್ಲಿ ಸುಮ್ಮನೆ ಒಂದಷ್ಟು ಕೆಲಸ ನೆನಪಾಯಿತು.

ಮನೆಯೊಳಗಿನ ಮಾತಾದರೆ ಹೇಗೋ ನಡೆದುಹೋಗುತ್ತಿತ್ತು. ತೊಂದರೆಯಾದದ್ದು ಶನಿವಾರದ ಭಜನೆಗೆ. ದ್ವಾರಕಾದ ಬೇರೆ ಬೇರೆ ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿರುವ ಕನ್ನಡದ ಹೆಂಗಸರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಅತ್ತೆ ಒಂದೊಂದು ಸಾಲು ಹೇಳಿಕೊಡುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ. ಅವರ ದನಿಗೆ ಇನ್ನೂ ವಯಸ್ಸಾಗಿಲ್ಲ. ಹಾಡು ಮುಗಿದ ಮೇಲೆ ಮಂಗಳಾರತಿ, ತಿಂಡಿ, ಕಾಫಿ. ಆ ಕಾಫಿಯಿಂದ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಕುಡಿಯದೆ ಎದ್ದು ಬಂದರೆ, ‘ನಮ್ಮನೆ ಕಾಫಿ ನಿಮಗೆ ಆಗಿಬರಲಿಲ್ವಾ?’ ಎಂದು ಆ ಮನೆಯಾಕೆ ತಿಂಗಳುಗಟ್ಟಲೆ ಕುಟುಕುತ್ತಾಳೆ.

ಅಂಥದೊಂದು ಶನಿವಾರ ಅತ್ತೆ ಲೋಟ ಎತ್ತಿದರು, ಕೈ ನಡುಗಿತು, ಕಾಫಿ ಅವರ ಸೀರೆಯ ಮೇಲೆ, ಪಕ್ಕದಲ್ಲಿದ್ದವರ ಹಾಡಿನ ಪುಸ್ತಕದ ಮೇಲೆ, ಮನೆಯಾಕೆಯ ತಿಳಿ ಬಣ್ಣದ ಸೋಫಾದ ಮೇಲೆ ಚೆಲ್ಲಿತು. ಎಲ್ಲರೂ ಪರವಾಗಿಲ್ಲ, ಪರವಾಗಿಲ್ಲ ಎಂದರು. ಒಬ್ಬಾಕೆ ಒಳ್ಳೆಯ ಮನಸ್ಸಿನಿಂದಲೇ, ‘ಕಚ್ಚಿ ಕುಡಿದುಬಿಡಿ ಅಮ್ಮ, ಇಲ್ಲಿ ಯಾರು ನೋಡ್ತಾರೆ’ ಎಂದರು. ಅಷ್ಟು ಹೊತ್ತೂ ನಗುತ್ತಿದ್ದ ಅತ್ತೆಯ ಮುಖ ಆ ಮಾತಿಗೆ ಸಣ್ಣಗಾಯಿತು. ಮುಂದಿನ ಶನಿವಾರ ಮಂಡಿನೋವು ಎಂದರು. ಅದರ ಮುಂದಿನ ಶನಿವಾರ ಹೊರಗೆ ಹೊಗೆ ಜಾಸ್ತಿ, ಉಸಿರು ಕಟ್ಟುತ್ತದೆ ಎಂದರು. ದೆಹಲಿಯ ಚಳಿಗಾಲದಲ್ಲಿ ಆ ನೆಪವನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆಮೇಲೆ ಅವರು ಮನೆಯಲ್ಲೂ ಹಾಡುವುದನ್ನು ಬಿಟ್ಟರು. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ಅವರ ದನಿ ಕೇಳಿ ನಾನು ಏಳುತ್ತಿದ್ದೆ; ಈಗ ಅಲಾರಂ ಇಟ್ಟುಕೊಳ್ಳಬೇಕಾಯಿತು. ಕಾಫಿಯನ್ನು ತಮ್ಮ ಕೋಣೆಗೆ ತರಿಸಿಕೊಂಡು, ಬಾಗಿಲು ಹಾಕಿಕೊಂಡು, ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಕುಡಿಯುತ್ತಿದ್ದರು. ನನಗೆ ಭಯವಾಯಿತು. ನಾಲ್ಕು ಜನರ ನಡುವೆ ಕೂತು ಕಾಫಿ ಕುಡಿಯುವುದು ಮತ್ತೆ ಅವರಿಂದ ಆಗದೇ ಹೋದರೆ, ಇವರಿಗೆ ಇನ್ನು ಆ ಕೋಣೆಯೇ ಗತಿ ಎನಿಸಿತು.

ಮಗಳು ಹೇಳಿದಳು, ‘ಅಮ್ಮ, ಆ ಅಂಗಡೀಲಿ ಕೇಳು ನಾ. ಶೀ ಹ್ಯಾಸ್ ಎವ್ರಿಥಿಂಗ್.’

ಹೋದೆ. ಕೈ ನಡುಗುವ ವಯಸ್ಸಾದವರಿಗೆ ಏನಾದರೂ ಇದೆಯೇ ಎಂದು ಕೇಳಿದೆ. ಅಂಗಡಿಯವಳು ಬಹಳ ಆಸ್ಥೆಯಿಂದ ಎರಡು ಹಿಡಿಗಳಿರುವ ಮಗ್ ತೆಗೆದು ತೋರಿಸಿದಳು. ತಳ ಭಾರ, ಮೇಲೆ ಬಿಗಿಯಾದ ಮುಚ್ಚಳ, ಮುಚ್ಚಳದಲ್ಲಿ ಹೀರಲು ಒಂದು ಸಣ್ಣ ತೂತು. ಬಣ್ಣ ತಿಳಿಹಸಿರು, ರೋಗಿಯ ಸಾಮಾನು ಎಂದು ಯಾರೂ ಹೇಳುವಂತಿರಲಿಲ್ಲ. ಖಾಕಿ ಕಾಗದದಲ್ಲಿ ಸುತ್ತಿ, ಸೆಣಬಿನ ದಾರ ಕಟ್ಟಿ, ದಾರಕ್ಕೆ ಒಂದು ಒಣಗಿದ ಹೂವು ಸಿಕ್ಕಿಸಿ ಕೊಟ್ಟಳು. ಅತ್ತೆ ದಾರವನ್ನು ಜೋಪಾನವಾಗಿ ಬಿಚ್ಚಿ ಉಂಡೆ ಮಾಡಿ ಇಟ್ಟುಕೊಂಡರು. ಮಗ್ಗನ್ನು ತಿರುಗಿಸಿ ನೋಡಿ, ‘ಚೆನ್ನಾಗಿದೆ’ ಎಂದರು. ಮಾರನೆಯ ದಿನ ನೋಡಿದರೆ ಅದು ದೇವರ ಮನೆಯಲ್ಲಿತ್ತು. ಹೂಬತ್ತಿ ತುಂಬಿಟ್ಟಿದ್ದರು.

ಎರಡನೆಯ ಸಲ ಸ್ಟೀಲಿನ ಬಾಗಿದ ಸ್ಟ್ರಾ ತಂದೆ. ಜೊತೆಗೆ ಅದನ್ನು ತೊಳೆಯಲು ಪುಟ್ಟ ಬ್ರಷ್ ಕೂಡ ಇತ್ತು.

‘ಕಾಫಿಗೆ ಕೊಳವೆಯೇನೇ? ಅದೇನು ಎಳನೀರಾ?’ ಎಂದರು ಅತ್ತೆ. ಸ್ಟ್ರಾ ಹಾಗೇ ಉಳಿಯಿತು. ಬ್ರಷ್ ಮಾತ್ರ ಅವರಿಗೆ ಬಹಳ ಹಿಡಿಸಿತು. ಹಿತ್ತಾಳೆ ದೀಪದ ಸಂದುಗಳನ್ನು ಉಜ್ಜಲು ಇಟ್ಟುಕೊಂಡರು.

ನನ್ನ ತಲೆ ಕೆಟ್ಟಿತು. ಹಟ, ಬರೀ ಹಟ ಎಂದು ಗೊಣಗಿದೆ. ಅದು ಅವರಿಗೆ ಕೇಳಿಸಲಿ ಎಂದೇ ಗೊಣಗಿದ್ದು. ಮಗಳು ಅಜ್ಜಿಯ ಪಕ್ಕ ಕೂತು ಮುದ್ದು ಮಾಡುತ್ತಾ, ‘ಅಜ್ಜಿ, ಒಂದೇ ಒಂದು ಸಿಪ್. ಇಸ್ ಮೇ ಕ್ಯಾ ಹೈ? ವಾಟ್ಸ್ ದ ಬಿಗ್ ಡೀಲ್?’ ಎಂದಳು.

ಅತ್ತೆ ಅವಳ ಕೆನ್ನೆ ಸವರಿದರು. ಉತ್ತರ ಮಾತ್ರ ನನ್ನ ಕಡೆ ನೋಡಿ ಹೇಳಿದರು. ‘ಈ ಊರಿಗೆ ಬಂದು ಏನೇನು ಬಿಟ್ಟೆ ಅಂತ ಯಾರೂ ಕೇಳಲಿಲ್ಲ. ಕ್ವಾರ್ಟರ್ಸ್‌ನಲ್ಲಿ ನಲ್ಲಿ ನೀರು ಹಿಡಿಯೋಕೆ ಸಾಲು ನಿಂತು ಮಡಿ ಬಿಟ್ಟೆ. ನಿನ್ನ ಗಂಡನ ಕಾಯಿಲೇಲಿ ಆಸ್ಪತ್ರೆ ಊಟ ತಿಂದು ಇನ್ನೊಂದು ಬಿಟ್ಟೆ. ಅದಕ್ಕೆಲ್ಲ ನನಗೇನೂ ಬೇಜಾರಿಲ್ಲ ಕಣೇ. ಒಳ್ಳೇದೇ ಆಯ್ತು. ಇದೊಂದು ನನ್ನ ಹತ್ತಿರ ಉಳಿದಿದೆ. ಯಾರಿಗೂ ತೊಂದರೆ ಕೊಡದೆ ಉಳಿದಿದೆ. ಕೈ ಹೋಯ್ತು ಅಂತ ಇದನ್ನೂ ಬಿಡು ಅಂದ್ರೆ, ಆಮೇಲೆ ಇಲ್ಲಿ ಕೂತಿರೋದು ಯಾರು?’

 ಅವರ ಮೇಲೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಹಳ ದುಃಖವಾಯಿತು.

ಆ ಸಂಜೆಯೇ ಸ್ಟ್ರಾ ವಾಪಸು ಮಾಡಲು ಅಂಗಡಿಗೆ ಹೋದೆ. ದುಃಖವಿದ್ದರೇನು, ಬಳಸದ ಸಾಮಾನನ್ನು ಮನೆಯಲ್ಲಿಟ್ಟುಕೊಳ್ಳುವ ಪೈಕಿ ನಾನಲ್ಲ. ಬ್ರಷ್ ಇಲ್ಲದ ಸ್ಟ್ರಾ ಹಿಂದಕ್ಕೆ ತೆಗೆದುಕೊಳ್ಳಲು ಅವಳು ಒಪ್ಪಲಿಲ್ಲ, ನಾನು ಬಿಡಲಿಲ್ಲ, ಸ್ವಲ್ಪ ಹೊತ್ತು ಹಿಂದಿಯಲ್ಲಿ ಜಗ್ಗಾಡಿದೆವು. ಕೊನೆಗೆ ಅವಳು ಕೇಳಿದಳು, ‘ಆಂಟೀಜಿ, ಅವರಿಗೆ ಮಗ್ ಆಗಲಿಲ್ಲ, ಸ್ಟ್ರಾ ಆಗಲಿಲ್ಲ. ಅಸಲಿಗೆ ಅವರು ಕುಡಿಯೋದು ಹೇಗೆ?’

ಎಲ್ಲರೂ ಕುಡಿಯೋ ಹಾಗೇ ಎಂದು ಹೇಳಲು ಬಾಯಿ ತೆರೆದವಳು ಹಾಗೇ ನಿಂತೆ. ಅತ್ತೆ ಮೂಗಿನಿಂದ ಉಸಿರಾಡುತ್ತಾರೆ ಎಂದು ಯಾರಿಗಾದರೂ ಹೇಳುತ್ತೇವೆಯೇ? ಎತ್ತಿ ಕುಡಿಯುವ ವಿಷಯವೂ ನನಗೆ ಅಷ್ಟೇ ಸಹಜವಾಗಿತ್ತು. ಅದನ್ನು ಈ ಹೆಂಗಸಿಗೆ ಹೇಳಬೇಕು ಎಂದು ಒಂದು ಸಲವೂ ಹೊಳೆದಿರಲಿಲ್ಲ. ಇಷ್ಟು ದಿನ ಅವಳು ತುಟಿಗೆ ತಾಗುವ ಸಾಮಾನುಗಳನ್ನೇ ಒಂದಾದ ಮೇಲೊಂದು ಕೊಟ್ಟಿದ್ದಳು, ನಾನು ಒಂದಾದ ಮೇಲೊಂದು ಹೊತ್ತುಕೊಂಡು ಹೋಗಿದ್ದೆ.

‘ಹೀಗೆ,’ ಎಂದು ಪಕ್ಕದ ಕಪಾಟಿನಲ್ಲಿ ಕೈಗೆ ಸಿಕ್ಕ ಪಾತ್ರೆಯೊಂದನ್ನು ಎತ್ತಿದೆ. ತಲೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಕುಡಿಯುವಂತೆ ನಟಿಸಿದೆ. ಆ ಹೊತ್ತಿನಲ್ಲಿ ಕಣ್ಣ ಮೇಲೆ ಒಂದು ಮೂತಿ ಬಂದು ನಿಂತಿತು. ಸಪೂರ, ಕೊಕ್ಕರೆಯ ಕತ್ತಿನ ಹಾಗೆ ಬಾಗಿದ್ದ ಮೂತಿ. ಕೆಳಗಿಳಿಸಿ ನೋಡಿದೆ. ಪುಟ್ಟ ಸ್ಟೀಲ್ ಕೆಟಲ್ಲು. ದುಂಡನೆಯ ಭಾರದ ತಳ, ಕದಲದ ಮುಚ್ಚಳ, ಹಿಡಿಗೆ ಮರ. ದೇವಸ್ಥಾನದಲ್ಲಿ ತೀರ್ಥ ಕೊಡಲು ಇಡುವ ಗಿಂಡಿಗೆ ಹೊಸ ಬಟ್ಟೆ ತೊಡಿಸಿದಂತಿತ್ತು.

‘ಇದು ಏನಕ್ಕೆ?’

‘ಕಾಫಿಗೇ, ಆಂಟೀಜಿ. ಕಾಗದದ ಫಿಲ್ಟರಿನಲ್ಲಿ ಪುಡಿ ಹಾಕಿ, ಮೇಲೆ ಬಿಸಿನೀರು ಸಣ್ಣಗೆ ಸುತ್ತ ಹಾಕೋಕೆ. ಅಚ್ಛಾ, ಅವರು ಮೇಲಿಂದ ಕುಡೀತಾರಾ? ನಮ್ಮ ನಾನಿ ನೀರನ್ನ ಹಾಗೇ ಕುಡೀತಿದ್ದರು. ಆದರೆ ಬಿಸಿ ಕಾಫೀನೂ?’

‘ಬಿಸಿ ಕಾಫೀನೂ,’ ಎಂದೆ. ಅಷ್ಟು ಹೆಮ್ಮೆ ನನ್ನ ದನಿಗೆ ಎಲ್ಲಿಂದ ಬಂತೋ. ಸುತ್ತಬೇಡ, ಹಾಗೇ ಕೊಡು ಎಂದು ಹೇಳಿ ಕೆಟಲ್ ತೆಗೆದುಕೊಂಡು ಬಂದೆ. ಸ್ಟ್ರಾ ಬಗ್ಗೆ ಜಗಳವಾಡುವುದು ಮರೆತೇಹೋಯಿತು.

ಮನೆಗೆ ಬಂದವಳು ಮೊದಲು ಸಿಂಕಿನ ಮುಂದೆ ನಿಂತು ನೀರು ಹಾಕಿ ನಾನೇ ಪರೀಕ್ಷೆ ಮಾಡಿದೆ. ಎತ್ತಿ ಕುಡಿದು ಎಷ್ಟೋ ವರ್ಷವಾಗಿತ್ತು. ಮೊದಲ ಗುಟುಕು ಮೂಗಿಗೆ ಹೋಯಿತು. ಕೆಮ್ಮಿನ ನಡುವೆಯೂ ಒಂದನ್ನು ಗಮನಿಸಿದೆ. ಬೇಕೆಂದೇ ಕೈ ಅಲುಗಾಡಿಸಿದರೂ ನೀರು ದಬಕ್ಕನೆ ಬೀಳುವುದಿಲ್ಲ, ದಾರದಷ್ಟು ಸಣ್ಣಗೆ ಬರುತ್ತದೆ. ಮೂತಿಯನ್ನು ಬಾಯಿಗೆ ಬಹಳ ಹತ್ತಿರ ತರಬಹುದು, ತಾಗಿಸಬೇಕಾಗಿಲ್ಲ.

ಅತ್ತೆಗೆ ನಾನು ಏನೂ ಹೇಳಲಿಲ್ಲ. ಸಂಜೆಯ ಕಾಫಿಯನ್ನು ಲೋಟದ ಬದಲು ಅದರಲ್ಲಿ ಹಾಕಿ, ಕೋಣೆಯಲ್ಲಿಟ್ಟು ಬಂದುಬಿಟ್ಟೆ.

‘ಏನೇ ಇದು, ಗಿಂಡಿ?’ ಒಳಗಿಂದ ಕೇಳಿದರು.

‘ಅಂಗಡಿಯವಳು ಕಾಫಿಗೆ ಅಂತಾನೇ ಮಾಡಿರೋದು ಅಂದಳು,’ ಎಂದೆ. ಸುಳ್ಳೇನಲ್ಲ.

ಬಾಗಿಲು ಹಾಕಿಕೊಂಡಿತು. ನಾನು ಹಜಾರದಲ್ಲಿ ಬಟಾಣಿ ಸುಲಿಯುತ್ತಾ ಕೂತೆ. ಸುಲಿದ ಬಟಾಣಿಯನ್ನು ಸಿಪ್ಪೆಗೂ ಸಿಪ್ಪೆಯನ್ನು ಬಟಾಣಿಗೂ ಹಾಕುತ್ತಿದ್ದೇನೆ ಎಂದು ಮಗಳು ತೋರಿಸಿಕೊಟ್ಟಳು. ಎಷ್ಟೋ ಹೊತ್ತಿನ ಮೇಲೆ ಅತ್ತೆ ಹೊರಗೆ ಬಂದು, ಕೆಟಲ್ಲನ್ನು ತಾವೇ ತೊಳೆದು, ಬೋರಲು ಹಾಕಿದರು. ಸೆರಗಿನ ಮೇಲೆ ಒಂದೆರಡು ಹನಿ ಬಿದ್ದಿತ್ತು, ಅಷ್ಟೇ. 

ಕೆಲವು ದಿನಗಳ ಮೇಲೆ ಅವರೇ ಹೇಳಿದರು. ‘ಮಾರ್ಕೆಟ್ಟಿಗೆ ಹೋದಾಗ ಇದರ ಮೇಲೆ ನನ್ನ ಹೆಸರು ಕೊರೆಸಿಕೊಂಡು ಬಾ.’

ನಮ್ಮ ಮನೆಯಲ್ಲಿ ಅದನ್ನು ಕದಿಯುವವರು ಯಾರಿದ್ದಾರೆ? ಹೆಸರು ಕೊರೆಸುವುದು ಬೇರೆಯವರ ಮನೆಗೆ ಒಯ್ಯುವ ಪಾತ್ರೆಗೆ. ಅವರ ಅಡುಗೆಮನೆಯಲ್ಲಿ ಬೆರೆತುಹೋಗದಿರಲಿ ಎಂದು. ನಾನು ಆ ಕ್ಷಣವೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಪಾತ್ರೆ ಅಂಗಡಿಯ ಭಯ್ಯಾಗೆ ಕನ್ನಡ ಬರುವುದಿಲ್ಲ, ಹಿಂದಿಯಲ್ಲೇ ಕೊರೆದುಕೊಟ್ಟ. ಅತ್ತೆ ಕನ್ನಡಕ ಹಾಕಿಕೊಂಡು ಓದಿ, ‘ಚಲೋ, ಹೆಸರು ನನ್ನದೇ ತಾನೆ’ ಎಂದು ಬಟ್ಟೆಯ ಚೀಲದಲ್ಲಿಟ್ಟುಕೊಂಡರು.

ಆ ಶನಿವಾರ ಭಜನೆ ಪಕ್ಕದ ಸೊಸೈಟಿಯಲ್ಲಿತ್ತು. ಅತ್ತೆ ಹೋಗಿ ತಮ್ಮ ಮಾಮೂಲು ಜಾಗದಲ್ಲಿ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತರು. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಮೊದಲೇ ಮಾತಾಡಿಕೊಂಡಿದ್ದರೋ ಏನೋ. ಅವರು ಮೊದಲ ಸಾಲು ಎತ್ತಿಕೊಂಡರು. ಹಿಂದೆ ಹಾಡಬೇಕಾದವಳು ಬರೀ ತುಟಿ ಆಡಿಸಿದೆ.

ಕಾಫಿ ಬಂತು. ಅತ್ತೆ ಚೀಲದಿಂದ ಕೆಟಲ್ ತೆಗೆದು ಮನೆಯಾಕೆಯ ಕೈಗೆ ಕೊಟ್ಟು, ‘ನನಗೆ ಇದರಲ್ಲಿ ಹಾಕಮ್ಮ’ ಎಂದರು. ಆಕೆ ತುಂಬಿ ತಂದುಕೊಟ್ಟಳು. ಹೆಂಗಸರೆಲ್ಲ ನೋಡದವರ ಹಾಗೆ ನೋಡುತ್ತಿದ್ದರು. ಸೊಸೆಯರ ಬಗ್ಗೆ, ಮನೆಗೆಲಸದವಳ ಬಗ್ಗೆ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಅತ್ತೆ ತಲೆಯನ್ನು ಹಿಂದಕ್ಕೆ ಬಾಗಿಸಿ ಕೆಟಲ್ ಎತ್ತಿದರು. ಮನೆಯಲ್ಲಿ ಇಲ್ಲದಷ್ಟು ನಡುಕ ಅಂದು ಆ ಕೈಗೆ ಬಂದಿತ್ತು. ನಾಲ್ಕು ಜನ ನೋಡುತ್ತಿದ್ದರೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೂತಿ ಅತ್ತಿತ್ತ ಓಡಾಡಿತು. ಕಾಫಿಯ ಎಳೆ ಗದ್ದದ ಮೇಲೆ ಬಿದ್ದು ಕುತ್ತಿಗೆಗೆ ಇಳಿಯಿತು. ಮಾತುಗಳು ನಿಂತವು.

ಮುಗಿಯಿತು ಎಂದುಕೊಂಡೆ. ಇಷ್ಟು ಮಾಡಿ, ಇವರನ್ನು ಇಲ್ಲಿಗೆ ಕರೆತಂದು, ಇದೇ ಜನರ ಮುಂದೆ ಇನ್ನೊಂದು ಸಲ ಕೂರಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅತ್ತೆ ಕೆಟಲ್ಲನ್ನು ಮಡಿಲಿಗೆ ಇಳಿಸಿ, ಸೆರಗಿನಿಂದ ಗದ್ದ ಒರೆಸಿಕೊಂಡರು.  ಆಮೇಲೆ ಅದನ್ನು ನನ್ನ ಕಡೆ ಚಾಚಿದರು.

‘ಬಾ ಇಲ್ಲಿ. ನೀನು ಹುಯ್ಯಿ.’

ನಾನು ಎದ್ದು ಹೋಗಿ ಅವರ ಮುಂದೆ ನಿಂತೆ. ಅವರು ತಲೆಯನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದರು. ಅವರ ಮಗನಿಗೆ ಅಂದು ಹೇಳಿದ ಮಾತು ನನ್ನ ಕಿವಿಯಲ್ಲಿತ್ತು. ಅವರ ಕಿವಿಯಲ್ಲೂ ಇದ್ದಿರಬೇಕು. ಕೆಟಲ್ ಎತ್ತಿದೆ. ಕಾಫಿ ಮೊದಲು ಅವರ ಕೆಳತುಟಿಯ ಮೇಲೆ ಬಿತ್ತು, ಆಮೇಲೆ ಕೆನ್ನೆಯ ಮೇಲೆ.

ಅತ್ತೆ ಒಂದು ಕಣ್ಣು ತೆರೆದು ನೋಡಿದರು.

‘ನಿನ್ನ ಕೈ ನನ್ನದಕ್ಕಿಂತ ಜಾಸ್ತಿ ನಡುಗ್ತಿದೆಯಲ್ಲೇ,’ ಎಂದರು. ‘ಎರಡು ಕೈಯಲ್ಲಿ ಹಿಡಿ.’

ಎರಡು ಕೈಯಲ್ಲಿ ಹಿಡಿದೆ. ಅವರು ನನ್ನ ಕೈಯ ಕೆಳಗೆ ತಮ್ಮ ಕೈ ಕೊಟ್ಟರು. ಕಾಫಿ ಮುಗಿಯುವವರೆಗೆ ಅದನ್ನು ತೆಗೆಯಲಿಲ್ಲ.